ಬಣ್ಣದ ತುದಿ

ನಮ್ಮ ಬೀದಿಯಲ್ಲಿ ಯಾರಾದರೂ ಗೇಟಿಗೆ ಬಣ್ಣ ಹೊಡೆದರೆ ಆ ವಾಸನೆಗೆ ಇಂದಿಗೂ ನನ್ನ ಕೈ ತಾನಾಗಿ ಸೊಂಟ ತಡಕುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ಎಂಬತ್ತರ ದಶಕದಲ್ಲಿ ಹಿಂದೂಪುರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಇನ್‌ಸ್ಪೆಕ್ಟರ್. ವಿಮಾನ ಕಾರ್ಖಾನೆಗೆ ಹೋಗುವ ಬೆರಳುದ್ದದ ಪಿನ್ನುಗಳನ್ನು ಅಳೆದು, ಅಳತೆ, ಉಕ್ಕು ಎರಡೂ ಸರಿ ಎಂದು ಕಾಗದಕ್ಕೆ ಸೀಲು ಒತ್ತುವುದು ನನ್ನ ಕೆಲಸ. ಆ ಸೀಲನ್ನು ಊಟಕ್ಕೆ ಹೋಗುವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ, ಹಿಂದೂಪುರವನ್ನೇ ಆಳುವವಳಂತೆ.

ಕೆಲಸ ಹೆಚ್ಚಾದಾಗ ಉಕ್ಕಿನ ಸರಳುಗಳು ಕಲ್ಯಾಣದುರ್ಗದ ನಾಗಪ್ಪಣ್ಣನ ಲೇತಿಗೆ, ಪಿನ್ನುಗಳಾಗಿ ಕಡೆದು ಕೊಡಲು, ಹೋಗುತ್ತಿದ್ದವು. ಅವನು ನೇಕಾರರ ಮನೆಯವನು. ಅವನ ಕೈಕೆಲಸದಲ್ಲಿ ನನಗೆ ಎಂದೂ ಕೂದಲೆಳೆಯ ತಪ್ಪು ಸಿಕ್ಕಿರಲಿಲ್ಲ.

ಸರಳಿನ ಒಂದು ತುದಿಗೆ ಬಣ್ಣ ಬಳಿದಿರುತ್ತದೆ. ಹಳದಿ ಪಿನ್ನಿಗೆ ಬೇಕಾದ ಗಟ್ಟಿ ಉಕ್ಕು, ಕೆಂಪು ಇನ್ನೊಂದು, ಮೆತ್ತನೆಯದು. ಕಣ್ಣಿಗೆ ಎರಡೂ ಒಂದೇ. ಬಣ್ಣವಿಲ್ಲದ ಕಡೆಯಿಂದ ಕತ್ತರಿಸುತ್ತ ಬರಬೇಕು, ಬಣ್ಣ ಕೊನೆಯವರೆಗೂ ಉಳಿಯಬೇಕು. ಅವನಲ್ಲಿಗೆ ಯಾವಾಗಲೂ ಹಳದಿಯವಷ್ಟೇ ಹೋಗುತ್ತಿದ್ದವು; ಒಂದು ಸಲ ಬೇರೆ ಕೆಲಸಕ್ಕೆಂದು ಕೆಂಪಿನವೂ ಹೋದವು. ನಾಗಪ್ಪಣ್ಣ ಪಿನ್ನುಗಳ ಜೊತೆ ತಂದ ಉಳಿಕೆ ತುಂಡುಗಳಲ್ಲಿ ಒಂದಕ್ಕೂ ಬಣ್ಣವಿರಲಿಲ್ಲ.

"ಬಣ್ಣ ಎಲ್ಲಣ್ಣ?" ಎಂದೆ.

"ನೂಲಿನ ತುದಿಗೆ ಕೊಳೆ ಹತ್ತಿದ್ರೆ ಕತ್ತರಿಸಾಕಿ ಮಗ್ಗಕ್ಕೆ ಏರಿಸ್ತೀವಿ ಕಣಮ್ಮ. ಇದೂ ಹಂಗೇ ಅಂದ್ಕಂಡ್ಬುಟ್ಟೆ."

ಮಾಲೀಕರು ಮೇಜಿನ ಹತ್ತಿರ ಬಂದರು. "ಅಳತೆ ಸರಿಯಾಗೈತೆ ತಾನೆ? ಒತ್ತಮ್ಮ ಸೀಲು."

"ಅಳತೆ ಸರಿ ಸಾರ್. ಯಾವ ಉಕ್ಕು ಅಂತ ಗೊತ್ತಿಲ್ಲ."

"ಏಮ್ಮಾ, ವಿಮಾನ ನೀನು ಓಡಿಸ್ತೀಯಾ? ಈ ಆರ್ಡರ್ ತಪ್ಪಿದ್ರೆ ಇನ್ನೊಂದು ಬರಲ್ಲ. ಈ ಮೇಜೂ ನಿಂಗಿರಲ್ಲ."

ಸೀಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು "ಒತ್ತಲ್ಲ ಸಾರ್" ಎಂದೆ. ಧೈರ್ಯವಲ್ಲ ಅದು, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯಲು ಕೈ ಬರಲಿಲ್ಲ, ಅಷ್ಟೆ.

ನಾಗಪ್ಪಣ್ಣ ಪಿನ್ನುಗಳ ಟ್ರೇ ಎತ್ತಿಕೊಂಡು ಉಕ್ಕು ಉಜ್ಜುವ ಗ್ರೈಂಡಿಂಗ್ ಚಕ್ರದ ಮುಂದೆ ಕೂತ. ಒಂದೊಂದೇ ಪಿನ್ನನ್ನು ಚಕ್ರಕ್ಕೆ ಒತ್ತಿ ಹಾಳುಮಾಡಿದ. ಮಾಲೀಕರು ಕೂಗಾಡಿದರು.

"ಆಯಮ್ಮನ್ನ ಯಾಕೆ ಬಯ್ತೀಯ ಸಾರ್? ತಪ್ಪು ನಂದು," ಎಂದ, ತಲೆಯೆತ್ತದೆ. "ಇವು ಉಳಿದ್ರೆ ನಾಳೆ ಇನ್ಯಾರ ಕೈಲೋ ಸೀಲು ಒತ್ತಿಸ್ತೀಯ. ಅದಾಗ್ಬಾರ್ದು."

ಆರ್ಡರ್ ಹೋಯಿತು. ಹಿಂದೆಯೇ ನನ್ನ ಮೇಜೂ ಹೋಯಿತು.

ಮೊನ್ನೆ ಸೊಸೆ ಇದನ್ನೆಲ್ಲ ಕೇಳಿ, "ಅತ್ತೆ, ಅವೆಲ್ಲ ಸರಿಯಾದ ಉಕ್ಕೇ ಇದ್ದಿರಬೌದಲ್ಲ?" ಎಂದಳು. ಈ ಪ್ರಶ್ನೆ ಯಾರು ಕೇಳಿದರೂ ಇಷ್ಟು ವರ್ಷ ನಾನು ಮಾತು ಬದಲಿಸುತ್ತಿದ್ದೆ. ಈ ಸಲ ಬದಲಿಸಲಿಲ್ಲ.

"ಇದ್ದಿರಬೌದು ಕಣಮ್ಮ," ಎಂದೆ. "ಅದೇ ಪಿನ್ನು ಇವತ್ತು ತಂದಿಟ್ರೂ ಸೀಲು ಒತ್ತಲ್ಲ."