ತಿರುಗಿ ಕಳಿಸುವ ದೇಶ

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನರ್ಸ್ ಹುಡುಗಿಗೆ ಒಟ್ಟಿಗೇ ಎರಡು ಕೆಲಸ ಬಂದವು. ಒಂದು ಜಪಾನಿನಲ್ಲಿ, ಒಂದು ಜರ್ಮನಿಯಲ್ಲಿ. ಎರಡೂ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸವೇ. ಯಾವುದಕ್ಕೆ ಹ್ಞೂಂ ಅನ್ನಬೇಕೆಂದು ನನ್ನನ್ನು ಕೇಳಲು ಅವಳ ತಾಯಿ ತಮ್ಮೂರು ಕಮಲಾಪುರದಿಂದ ಕೆಂಪು ಬಾಳೆಹಣ್ಣು ಹಿಡಿದು ಬಂದರು.

ನಾನು ಕಾನ್ವೆಂಟಿನಲ್ಲಿ ಕಲಿತು, ಅಲ್ಲೇ ಜಿಯಾಗ್ರಫಿ ಕಲಿಸಿದವಳು. ಪ್ರಶ್ನೆ ಸಿಕ್ಕರೆ ಬಿಡುತ್ತೇನೆಯೇ? ಅಟ್ಲಾಸ್ ತೆರೆದೆ. ಎರಡೂ ಕಡೆ ತೊಟ್ಟಿಲಿಗಿಂತ ಊರುಗೋಲೇ ಹೆಚ್ಚು ಎಂದೆ. ಜರ್ಮನಿ ಹೊರಗಿನವರನ್ನು ಕರೆದು ಕರೆದು ಪಾಪ್ಯುಲೇಶನ್ ಕುಸಿಯದಂತೆ ನೋಡಿಕೊಂಡಿದೆ. ಜಪಾನ್ ಬಹುಕಾಲ ಬಾಗಿಲು ಅರ್ಧ ಮುಚ್ಚಿಕೊಂಡೇ ಇತ್ತು. ಜನ ಕರಗುತ್ತಿದ್ದಾರೆ, ಹಳ್ಳಿಗಳಲ್ಲಿ ಮನೆಗಳು ಬೀಗ ಹಾಕಿಕೊಂಡಿವೆ. ಈಗ ಕರೆಯುತ್ತಾರೆ, ಆದರೆ ಅಲ್ಲೇ ನೆಲೆ ನಿಲ್ಲುವುದು ಕಷ್ಟ. "ಸೋ, ಜರ್ಮನಿ. ಪರ್ಮನೆಂಟ್ ಆಗಬಹುದು" ಎಂದು ಅಟ್ಲಾಸ್ ಮುಚ್ಚಿದೆ. ಅಷ್ಟು ಫ್ಲುಯೆಂಟ್ ಆಗಿ ಹೇಳಬಾರದಿತ್ತೇನೋ.

ತಾಯಿ ಸೆರಗಿನ ತುದಿ ತಿರುವುತ್ತಿದ್ದರು. "ಅಂದ್ರ ಜಪಾನದವರು ತಿರುಗಿ ಕಳಸ್ತಾರ. ಹಂಗಾದ್ರ ಅದೇ ಛಲೋ ಅಲ್ಲೇನ್ರಿ, ಅಕ್ಕಾರ?"

ಮೈಗ್ರೇಶನ್ ಪಾಠಕ್ಕೆಂದು ಬೋರ್ಡಿನ ಮೇಲೆ ಎಷ್ಟು ಬಾಣ ಎಳೆದಿದ್ದೆನೋ. ಬಾಣದ ಹಿಂದಿನ ತುದಿಯಲ್ಲಿ ಯಾರು ಕೂತಿರುತ್ತಾರೆಂದು ಯಾವ ಮಗುವೂ ಕೇಳಿರಲಿಲ್ಲ.

ಹುಡುಗಿ ನಕ್ಕಳು. "ಯವ್ವಾ, ಇಲ್ಲೇ ಮಗ್ಗಲದ ಮಹಾಗಾಂವಕ್ಕ ಲಗ್ನಾ ಮಾಡಿ ಕೊಟ್ಟಿದ್ರೂ ನೀ ಹಿಂಗೇ ಅಂತಿದ್ದಿ."

"ಮಹಾಗಾಂವಕ್ಕ ಟೆಂಪೋ ಅದಾವಲ್ಲ" ಎಂದರು ತಾಯಿ.

ಅವಳು ಜರ್ಮನಿಯನ್ನೇ ಆರಿಸಿದಳು. ನನ್ನ ಬಿ.ಪಿ. ನೋಡುತ್ತಿದ್ದ ಕೈ ಇನ್ನು ಯಾವುದೋ ಜರ್ಮನ್ ಅಜ್ಜಿಯದು. ಫ್ರ್ಯಾಂಕ್ಲಿ, ಅದೂ ಚುಚ್ಚುತ್ತದೆ.

ಹೊರಡುವ ದಿನ ನಾನೂ ಕಮಲಾಪುರಕ್ಕೆ ಹೋಗಿದ್ದೆ. ಗಂಡನ ಮನೆಗೆ ಹೊರಟ ಮಗಳಿಗೆ ಮಾಡುವಂತೆ ತಾಯಿ ಅವಳ ಓಢಣಿಯಲ್ಲಿ ಉಡಿ ತುಂಬಿದರು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು. ಉಡಿಯಕ್ಕಿಯಲ್ಲಿ ಒಂದು ಚಿಟಿಕೆ ತವರಿನಲ್ಲಿ ಬಿಟ್ಟು ಉಳಿದದ್ದನ್ನು ಒಯ್ಯುವುದು ಅವರ ಮನೆಯ ಪದ್ಧತಿ. ವಿಮಾನದ ಬ್ಯಾಗ್ ಆಗಲೇ ಭಾರವಾಗಿತ್ತು. ಹುಡುಗಿ ಒಂದು ಚಿಟಿಕೆಯನ್ನು ಪರ್ಸಿಗೆ ಹಾಕಿಕೊಂಡು ಉಳಿದದ್ದನ್ನೆಲ್ಲ ಮೊರಕ್ಕೆ ಸುರಿದಳು. ಪದ್ಧತಿ ತಿರುಗುಮುರುಗಾಯಿತು.

ಕಾರು ಹೋದ ಮೇಲೆ ತಾಯಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲು ಆರಿಸುತ್ತ ಕೂತರು. ಆ ಅಕ್ಕಿಯಲ್ಲಿ ಕಲ್ಲೇ ಇರಲಿಲ್ಲ. ಕನ್ನಡಕ ಹಾಕಿಕೊಂಡು ನಾನೂ ಪಕ್ಕದಲ್ಲಿ ಕೂತು ಆರಿಸಿದೆ.