ಎರಡು ರೆಕ್ಕೆಯ ವಿಮಾನ ಮತ್ತು ಕೆಂಪು ಟೇಪು

ನನ್ನ ಕೋಪದ ಬಗ್ಗೆ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮೋಟಾರ್ ವೈಂಡಿಂಗ್ ಅಂಗಡಿ ನಡೆಸುತ್ತಿದ್ದಾಗ, ಸುಟ್ಟ ಪಂಪ್ ತಂದು "ಅದರಷ್ಟಕ್ಕೆ ಅದೇ ಸುಟ್ಟೋಯ್ತು ಸಾರ್" ಅಂದವರಿಗೆ ನಾನು ಮಾಡುತ್ತಿದ್ದ ಮಂಗಳಾರತಿ ಬೀದಿಯ ಆ ತುದಿಗೂ ಕೇಳಿಸುತ್ತಿತ್ತು. ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತ ಮೇಲೆ ಕೋಪ ಇಳಿದೀತು ಅಂದುಕೊಂಡಿದ್ದೆ. ಇಳಿಯಲಿಲ್ಲ. ಅದರ ಜೊತೆಗೆ ಒಂದು ಹುಚ್ಚು ಬೇರೆ ಸೇರಿಕೊಂಡಿತು. ರಿಮೋಟಿನಲ್ಲಿ ಹಾರಿಸುವ ವಿಮಾನ ಕಟ್ಟುವ ಹುಚ್ಚು.

ಹಿಡಿಸಿದವನು ಎನ್.ಆರ್. ಕಾಲೋನಿಯ ನನ್ನ ಗೆಳೆಯ. ಹೈಸ್ಕೂಲಿನಿಂದ ಜೊತೆಯವನು, ಗಡಿಯಾರ ರಿಪೇರಿಯಲ್ಲೇ ತಲೆ ಬೆಳ್ಳಗಾದವನು. ನನ್ನದು ಒರಟು ಕೈ, ಅವನದು ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನೂ ಅಲುಗಾಡದೆ ಹಿಡಿಯುವ ಕೈ. ಹಾಗಾಗಿ ಕಟ್ಟುವುದು ನಾನು, ಹಾರಿಸುವುದು ಅವನು ಎಂದು ಮೊದಲ ದಿನವೇ ಮಾತಾಯಿತು.

ನಾನು ಆರಿಸಿಕೊಂಡದ್ದು ಒಂದರ ಮೇಲೊಂದು ಎರಡು ರೆಕ್ಕೆಗಳಿರುವ ಹಳೇ ಕಾಲದ ವಿಮಾನ. ಬೆಂಡಿನಷ್ಟು ಹಗುರವಾದ ಬಾಲ್ಸಾ ಮರವನ್ನು ಬ್ಲೇಡಿನಲ್ಲಿ ಕೊಯ್ದು, ಅಂಟಿಸಿ, ರೆಕ್ಕೆಯ ಎಲುಬುಗಳನ್ನು ಒಂದೊಂದಾಗಿ ನಿಲ್ಲಿಸುವಾಗ ನಾನೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಮೇಲೆ ಹೊದಿಸುವ ಹಾಳೆ ಬಿಸಿ ತಾಗಿದರೆ ಬಿಗಿದುಕೊಳ್ಳುತ್ತದೆ. ಅದಕ್ಕೆ ಹೆಂಡತಿಯ ಇಸ್ತ್ರಿಪೆಟ್ಟಿಗೆಯೇ ಗತಿ. "ನನ್ನ ಸೀರೆಗೆ ಒಂದಿನ ಇಸ್ತ್ರಿ ಹಾಕಿದೋರಲ್ಲ, ಇದಕ್ಕೆ ನೋಡಿ ಎಂಥಾ ಸೇವೆ!" ಎಂದು ಅವಳು ಹಂಗಿಸುತ್ತಿದ್ದಳು. ಹಂಗಿಸುತ್ತಲೇ ಹಾಳೆಯ ಇನ್ನೊಂದು ತುದಿ ಎಳೆದು ಹಿಡಿಯುತ್ತಿದ್ದಳು.

ಮೋಟಾರು ಬಂದ ದಿನ ನನಗೆ ನಿಜವಾಗಿಯೂ ಹಬ್ಬ. ನಿಂಬೆಹಣ್ಣಿನಷ್ಟು ದಪ್ಪ, ಅದಕ್ಕೆ ಮೂರು ವೈರು. ಸಿಕ್ಕಿಸಿದಾಗ ಮೂತಿಯ ಫ್ಯಾನು ಉಲ್ಟಾ ತಿರುಗಿತು. ಗೆಳೆಯ ಫೋನಿನಲ್ಲಿ ಏನೋ ಹುಡುಕಲು ಕೂತ. ನಾನು ಯಾವುದೋ ಎರಡು ವೈರು ಅದಲುಬದಲು ಮಾಡಿದೆ, ಸರಿಯಾಗಿ ತಿರುಗಿತು. ನಲವತ್ತು ವರ್ಷ ತ್ರೀ ಫೇಸ್ ಪಂಪುಗಳಿಗೆ ಮಾಡಿದ್ದೂ ಅದೇ ತಾನೆ! ಆ ಸಂಜೆ ನನ್ನ ಜಂಭಕ್ಕೆ ಮಿತಿ ಇರಲಿಲ್ಲ.

ಇಂಥ ವಿಮಾನದ ಕಷ್ಟವೆಲ್ಲ ತೂಕದಲ್ಲಿ. ಮೂತಿ ಗಿಡ್ಡ, ಬಾಲ ಉದ್ದ. ಬ್ಯಾಟರಿಯನ್ನು ಎಷ್ಟು ಮುಂದೆ ತಳ್ಳಿದರೂ ಸಾಲದೆ ಮೂತಿಯೊಳಗೆ ಸೀಸದ ಚೂರು ಇಡಬೇಕಾಗುತ್ತದೆ. ಮೇಲಿನ ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿದರೆ ಮೂತಿ ಒಂಚೂರು ತಗ್ಗಬೇಕು. ಬಾಲ ತಗ್ಗಿತೋ, ಹಾರಿಸುವವನ ಕೈಗೆ ವಿಮಾನ ಸಿಕ್ಕುವುದಿಲ್ಲ. ನಾನು ಮೂರು ಸಲ ಎತ್ತಿ ನೋಡಿದೆ. ಸರಿಯಾಗಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮದು ಲಿಂಗಪೂಜೆಯ ಮನೆ. ಸ್ಕೂಟರ್, ಮಿಕ್ಸಿ, ನನ್ನ ಹಳೇ ವೈಂಡಿಂಗ್ ಮೆಷಿನ್, ಇಸ್ತ್ರಿಪೆಟ್ಟಿಗೆ, ಎಲ್ಲದಕ್ಕೂ ಮೂರು ಗೆರೆ ವಿಭೂತಿ, ಕುಂಕುಮ, ಚೆಂಡುಹೂವು. ಹೆಂಡತಿ ತಟ್ಟೆ ಹಿಡಿದು ವಿಮಾನದ ಹತ್ತಿರ ಬಂದಾಗ ನಾನು ಗದರಿದೆ. "ಅದರ ಮೇಲೆ ಏನಾದ್ರೂ ಹಚ್ಚಿದ್ರೆ ನೋಡು!" ಅವಳು ಏನೂ ಹಚ್ಚಲಿಲ್ಲ. ಬರೀ ಆರತಿ ಬೆಳಗಿ ಹೋದಳು. ಅಪರೂಪಕ್ಕೆ ನನ್ನ ಮಾತು ನಡೆಯಿತಲ್ಲ ಎಂದು ಖುಷಿಯಾಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಾಚೆಯ ಬಯಲಿಗೆ ಹೋದೆವು. ಗೆಳೆಯ ರಿಮೋಟ್ ಕೈಗೆ ತೆಗೆದುಕೊಂಡು, "ಒಂದ್ಸಲ ಎತ್ತಿ ನೋಡೋಣ, ಗುರು" ಅಂದ.

"ಮೂರು ಸಲ ನೋಡಿದೀನಿ. ನಿನ್ನ ಕೆಲಸ ನೀನು ನೋಡು," ಅಂದೆ.

ವಿಮಾನ ನೆಲ ಬಿಟ್ಟಿತು. ಬಿಟ್ಟದ್ದೇ ಮೂತಿ ಎತ್ತಿ, ನೆಟ್ಟಗೆ ಮೇಲೇರಿ, ಒಂದು ಕ್ಷಣ ಹಾಗೇ ನಿಂತು, ಪಕ್ಕಕ್ಕೆ ಮಗುಚಿ ಬಿತ್ತು. ಐದು ತಿಂಗಳ ಕೆಲಸ ಐದು ಸೆಕೆಂಡಿಗೆ ಪುಡಿಯಾಯಿತು. ಅಲ್ಲಿದ್ದ ಹತ್ತಾರು ಜನರೆದುರು ನಾನು ಕೂಗಾಡಿದೆ. "ಗಡಿಯಾರದ ಮುಳ್ಳು ತಿರುಗಿಸ್ದಂಗಲ್ಲ ಇದು! ನಿನ್ನ ಕೈಗೆ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ!" ಹೇಳಿದವನೇ ಹೋಗಿ ದೂರದ ಮರದ ಕೆಳಗೆ ಕೂತೆ. ಅವನೇ ಚೂರುಗಳನ್ನೆಲ್ಲ ಆಯ್ದು, ಚೀಲಕ್ಕೆ ತುಂಬಿ, ನನ್ನನ್ನೂ ಅದನ್ನೂ ಮನೆ ಬಾಗಿಲಿಗೆ ಬಿಟ್ಟು ಹೋದ. ಚೀಲವನ್ನು ಬಿಚ್ಚದೆಯೇ ಅಟ್ಟಕ್ಕೆ ಎಸೆದೆ.

ಮತ್ತೆ ಅವನು ಬರಲಿಲ್ಲ. ನಾನೂ ಕರೆಯಲಿಲ್ಲ. ದಿನಾ ಸಂಜೆ ನಾಲ್ಕೂವರೆಗೆ ನಮ್ಮ ಮನೆಗೆ ಕಾಫಿಗೆ ಬರುತ್ತಿದ್ದವನು, ನನ್ನ ಹೆಂಡತಿಯನ್ನು ತಂಗಿ ಅಂತಲೇ ಕರೆಯುತ್ತಿದ್ದವನು. ಎಷ್ಟೋ ದಿನ ಹೆಂಡತಿ ಕೈತಪ್ಪಿ ಮೂರು ಲೋಟ ಇಡುತ್ತಿದ್ದಳು, ಒಂದನ್ನು ವಾಪಸ್ ತೆಗೆದುಕೊಂಡು ಹೋಗುತ್ತಿದ್ದಳು. ಅವನಿಲ್ಲದೆ ನನಗೆ ಬೇಜಾರಾಗಿತ್ತು. ತಪ್ಪು ಅವನದು, ಅವನೇ ಬರಲಿ ಎಂದು ಬಿಗಿದುಕೊಂಡು ಕೂತೆ.

ಹೀಗೇ ವರ್ಷವಾಗುತ್ತ ಬಂತು. ಅಷ್ಟರಲ್ಲಿ ಅದೇ ನಕ್ಷೆ ಹಿಡಿದು ಇನ್ನೊಂದು ವಿಮಾನ ಕಟ್ಟಿದೆ. ತೂಕ ನೋಡಿದ್ದಾಯಿತು, ಈ ಸಲದ ಆಯುಧಪೂಜೆಯೂ ಆಯಿತು. ಈಗ ಹಾರಿಸಬೇಕಾದವನು ನಾನೇ. ನಿಜ ಹೇಳಬೇಕೆಂದರೆ ಭಯವಾಯಿತು. ಆ ಭಯಕ್ಕೇ ಪೂಜೆಯ ಮಾರನೇ ದಿನ ಇನ್ನೊಮ್ಮೆ ಎರಡು ಬೆರಳ ಮೇಲೆ ಎತ್ತಿ ನೋಡಿದೆ. ಬಾಲ ದಢಕ್ಕನೆ ಕೆಳಗಿಳಿಯಿತು.

ಬಾಲದ ಅಡಿಯಲ್ಲಿ, ಒಳಗಿನ ವೈರುಗಳಿಗೆ ಕೈಹಾಕಲೆಂದು ನಾನೇ ಮಾಡಿದ್ದ ಪುಟ್ಟ ಮುಚ್ಚಳವಿದೆ. ತೆಗೆದೆ. ಹಳದಿ ಬಟ್ಟೆಯಲ್ಲಿ ಸುತ್ತಿದ ಒಂದು ವಿಭೂತಿ ಗಟ್ಟಿ!

"ಇದನ್ನ ಯಾರು ಇಟ್ಟಿದ್ದು?" ನನ್ನ ಕೂಗಿಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು.

"ನಾನೇ," ಎನ್ನುತ್ತ ಹೆಂಡತಿ ಕೈ ಒರೆಸಿಕೊಂಡು ಬಂದಳು. "ಮೇಲೆ ಏನೂ ಹಚ್ಬೇಡ ಅಂದಿದ್ರಿ. ಅದಕ್ಕೆ ಒಳಗಿಟ್ಟೆ. ಹೋದ ವರ್ಷಾನೂ ಇಟ್ಟಿದ್ನಲ್ರೀ."

ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಹೋದ ವರ್ಷಾನೂ! ಸ್ಟೂಲು ಹತ್ತಿ ಅಟ್ಟದಿಂದ ಚೀಲ ಇಳಿಸಿದೆ. ರೆಕ್ಕೆಗಳು ನುಚ್ಚುನೂರಾಗಿದ್ದರೂ ಬಾಲ ಹಾಗೇ ಇತ್ತು. ಅದರ ಮುಚ್ಚಳದ ಸುತ್ತ ಕೆಂಪು ಟೇಪು ಬಿಗಿದಿತ್ತು. ನಾನು ಟೇಪು ಸುತ್ತಿರಲಿಲ್ಲ. ಕೆಂಪು ಟೇಪಿನ ಸುರುಳಿಯನ್ನು ಸದಾ ಜೇಬಿನಲ್ಲಿಟ್ಟುಕೊಂಡು ಓಡಾಡುವವನು ನನ್ನ ಗೆಳೆಯ. ಬಿಚ್ಚಿದರೆ, ಒಳಗೆ ಅದೇ ಹಳದಿ ಬಟ್ಟೆ, ಎರಡು ತುಂಡಾದ ಗಟ್ಟಿ.

ಮುರಿದ ಬಾಲವನ್ನು ಬಗಲಲ್ಲಿಟ್ಟುಕೊಂಡೇ ಆಟೋ ಹತ್ತಿ ಎನ್.ಆರ್. ಕಾಲೋನಿಗೆ ಹೋದೆ. ಅವನು ವರಾಂಡದಲ್ಲಿ ಯಾರದೋ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದ. ನನ್ನನ್ನು ನೋಡಿದ, ಬಾಲವನ್ನು ನೋಡಿದ, ಕನ್ನಡಕ ತೆಗೆದಿಟ್ಟ.

"ನೋಡಿದ್ಯಾ?" ಅಂದ.

"ನೀನು ಅವತ್ತೇ ನೋಡಿದ್ದೆ. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆ ಬೈಗುಳ ಎಲ್ಲಾ ಮನೇಲಿ ತಂಗಿ ಮೇಲೆ ಬೀಳ್ತಿತ್ತು. ನಿನ್ನ ಬಾಯಿ ನಂಗೊತ್ತಿಲ್ವಾ? ಹೆಂಗೂ ನಂಗೆ ಬೈದಾಗಿತ್ತು. ಅದು ಅಲ್ಲಿಗೇ ಮುಗೀಲಿ ಅಂದ್ಕೊಂಡೆ."

"ತೆಗೆದು ಎಸೀಬೋದಿತ್ತಲ್ಲೋ."

"ವಿಭೂತೀನ ಬಯಲಲ್ಲಿ ಎಸೀತಾರೇನೋ?"

ಒಂದು ವರ್ಷ ಅವನನ್ನು ಬಾಯಿಗೆ ಬಂದಂತೆ ಬೈದುಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. "ತಪ್ಪಾಯ್ತು ಕಣೋ," ಅಂದೆ. ನಲವತ್ತೈದು ವರ್ಷದ ಗೆಳೆತನದಲ್ಲಿ ನಾನು ಆ ಮಾತು ಅಂದದ್ದು ಅದೇ ಮೊದಲು. ಅವನು ಬಿಚ್ಚಿಟ್ಟ ಗಡಿಯಾರವನ್ನು ಪಕ್ಕಕ್ಕೆ ಸರಿಸಿದ. "ಕಾಫಿ ಕುಡಿಯೋಣ ಬಾ," ಎಂದು ಎದ್ದ.

ಭಾನುವಾರ ಮತ್ತೆ ಅದೇ ಬಯಲಿಗೆ ಹೋದೆವು, ಈ ಸಲ ಹೆಂಡತಿಯೂ ಬಂದಳು. ಅವಳ ವಿಭೂತಿ ಗಟ್ಟಿ ಈಗ ಮೂತಿಯೊಳಗಿತ್ತು. ಅಷ್ಟೇ ತೂಕದ ಸೀಸವನ್ನು ನಾನು ತೆಗೆದುಹಾಕಿದ್ದೆ. ಬ್ಯಾಟರಿ ಸಿಕ್ಕಿಸಿದೆ. ಗೆಳೆಯ ರಿಮೋಟ್ ಹಿಡಿದು ಪಕ್ಕದಲ್ಲಿ ನಿಂತ. ಎತ್ತಿ ನೋಡೋಣ ಎಂದು ಈ ಸಲ ಅವನು ಕೇಳಲಿಲ್ಲ.

ವಿಮಾನವನ್ನು ಎರಡು ಕೈಯಲ್ಲೂ ಹಿಡಿದು ಅವನ ಮುಂದೆ ಚಾಚಿದೆ. "ಮೂರು ಸಲ ನೋಡಿದೀನಿ," ಅಂದೆ. "ನೀನೊಂದ್ಸಲ ನೋಡು."