ಚೈನಿಗೆ ಯಾವ ಎಣ್ಣೆ?

ನಮ್ಮ ಮನೆಯ ಅಡುಗೆಗೆ ಯಾವ ಎಣ್ಣೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ತಟ್ಟನೆ ಹೇಳಲಾರೆ. ಗೋಕಾಕದ ಕಿರಾಣಿ ಅಂಗಡಿಗೆ ಹೋಗುವುದು, ಡಬ್ಬಿ ತರುವುದು, ಒಗ್ಗರಣೆ ಹಾಕುವುದು ಎಲ್ಲ ನಮ್ಮ ಮನೆಯವರದೇ ಖಾತೆ. ಆದರೆ ಸೈಕಲ್ಲಿನ ಚೈನಿಗೆ ಯಾವ ಎಣ್ಣೆ ಎಂದು ಕೇಳಿ ನೋಡಿ! ಕೈಯಲ್ಲಿನ ಚಹಾ ತಣ್ಣಗಾಗುವವರೆಗೆ ಮಾತಾಡುತ್ತೇನೆ. ಮೂಡಲಗಿಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿಗೆ ನಾನು ಕಾಲಿಟ್ಟರೆ ಈಗ ಇಬ್ಬರು ಮಾಸ್ತರರು ಚಾಕ್‌ಪೀಸು ಹುಡುಕುವ ನೆಪದಲ್ಲಿ ಎದ್ದು ಹೋಗುತ್ತಾರೆ.

ನಾನು ಗಣಿತದ ಟೀಚರು. ವಯಸ್ಸು ಐವತ್ತೆರಡು. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಗೇರಿನ ಸೈಕಲ್ ಕೊಂಡೆ. ನಡುವೆ ಅಡ್ಡದಂಡವಿಲ್ಲ, ಚೈನಿಗೆ ಕವಚವೂ ಇಲ್ಲ. ನೂರಾಹದಿನಾಲ್ಕು ಕೊಂಡಿಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಎಣಿಸಿದ್ದು ನಾನೇ, ಎರಡು ಸಲ. ಮಾರಿದ ಮಾರುತಿ ಮಾಮಾ, “ಆಗಾಗ ಎಣ್ಣಿ ಬಿಡ್ತಿರ್ರಿ ಅಕ್ಕಾರ” ಎಂದಷ್ಟೇ ಹೇಳಿದ. ಯಾವ ಎಣ್ಣೆ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ನನ್ನ ಕಷ್ಟವೆಲ್ಲ ಆ ಒಂದು ಪ್ರಶ್ನೆ ಬಿಟ್ಟುಹೋದದ್ದರಿಂದಲೇ ಶುರುವಾಯಿತು.

ಮೊದಲು ಕೊಬ್ಬರಿ ಎಣ್ಣೆ ಬಿಟ್ಟೆ. ತಲೆಗೆ ಒಳ್ಳೆಯದಾದದ್ದು ಚೈನಿಗೆ ಯಾಕೆ ಕೆಟ್ಟದ್ದು? ಕಾರ್ತೀಕದ ಚಳಿಗೆ ಅದು ಕೊಂಡಿಗಳ ಸಂದಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತು. ಆಮೇಲೆ ಶೇಂಗಾ ಎಣ್ಣೆ. ಮರುದಿನ ಅಂಗಳದಿಂದ ಪೆಡಲ್ಲಿನವರೆಗೆ ಇರುವೆಗಳ ಸಾಲು. ನಮ್ಮ ಮನೆಯವರು ಅಡುಗೆಮನೆಯ ಕಿಟಕಿಯಿಂದ ನೋಡಿ, “ಒಂದೀಟು ಸಾಸಿವಿ, ಕರಿಬೇವು ಹಾಕಲೇನು?” ಎಂದರು.

ಹಾಗೆ ನೋಡಿದರೆ ನಮ್ಮ ಅಜ್ಜನಿಗೆ ಈ ಗೊಂದಲ ಇರಲಿಲ್ಲ. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಚಕ್ಕಡಿಯ ಅಚ್ಚಿಗೆ ಬಳಿಯುತ್ತಿದ್ದ, ಚಕ್ಕಡಿ ಸಂತೆಗೆ ಹೋಗಿ ಬರುತ್ತಿತ್ತು. ಆದರೆ ಚಕ್ಕಡಿಗೆ ಎರಡು ಗಾಲಿ, ಒಂದು ಅಚ್ಚು. ನನಗೆ ನೂರಾಹದಿನಾಲ್ಕು ಕೊಂಡಿ, ಪ್ರತಿ ಕೊಂಡಿಗೂ ಒಂದು ಮೊಳೆ, ಮೊಳೆಯ ಸುತ್ತ ಒಂದು ಉರುಳೆ. ಎಣ್ಣೆ ಬೇಕಾದದ್ದು ಆ ಉರುಳೆಯ ಒಳಗೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಹಿಡಕಲ್ ರಸ್ತೆಯ ಮೇಲೆ.

ಅದರ ಕಥೆ ಹೇಳುತ್ತೇನೆ. ಹುಕ್ಕೇರಿಯ ಶಾಂತಾ ನನ್ನ ಬಿ.ಎಡ್. ಗೆಳತಿ. ಕಳೆದ ವರ್ಷ ಸ್ಕೂಟಿ ಕಲಿತಳು. ಕಲಿತವಳು ಸುಮ್ಮನಿರದೆ ಹೆಂಗಸರಿಗೆ ಸ್ಕೂಟಿ ಕಲಿಸುವ ತರಬೇತಿಯನ್ನೇ ತೆರೆಯಲು ಹೊರಟಳು. ಒಂದು ದಿನ ಫೋನ್ ಬಂತು.

“ಸುನಂದಾ, ಆರು ಮಂದಿ ಹೆಸರು ಬರಿಸ್ಯಾರ. ಆದ್ರ ಆರೂ ಮಂದಿಗಿ ಅಂಜಿಕಿ. ಈ ವಯಸ್ಸಿನ್ಯಾಗ ನಮಗ ಬರತೈತೇನ್ರಿ ಅಂತ ಒಂದೇ ಸಮನ ಕೇಳಾಕತ್ತಾರ. ನೀ ಗೋಕಾಕದಿಂದ ಸೈಕಲ್ ಮ್ಯಾಲ ಬಂದು ರಿಬ್ಬನ್ ಕಟ್ ಮಾಡು. ಐವತ್ತು ದಾಟಿದಾಕಿ ಅಷ್ಟು ದೂರ ತುಳಕೊಂಡು ಬಂದದ್ದನ್ನ ಕಣ್ಣಾರೆ ನೋಡಿದ್ರಂದ್ರ ಮುಗೀತು, ನಾ ಭಾಷಣಾ ಮಾಡೂದ ಬ್ಯಾಡ.”

“ಬಂದಽ ಬರ್ತೀನಿ” ಎಂದೆ. ಭಾನುವಾರ ಬೆಳಗ್ಗೆ ಹತ್ತೂವರೆಗೆ ಮುಹೂರ್ತ.

ಹಿಂದಿನ ದಿನ ಸಂಜೆ ಚೈನನ್ನು ಮದುಮಗಳಂತೆ ಸಿಂಗರಿಸಿದೆ. ಮೋಟರ್ ಸೈಕಲ್ಲಿನ ಎಂಜಿನ್ ಆಯಿಲ್ ಧಾರಾಳವಾಗಿ ಬಿಟ್ಟೆ. ಸಾಲದೆಂದು ಅದರ ಮೇಲೆ ಬೆರಳಿನಿಂದ ಗ್ರೀಸ್ ಮೆತ್ತಿದೆ. ಸಂಸ್ಕೃತದಲ್ಲಿ ಸ್ನೇಹ ಎಂದರೆ ಎಣ್ಣೆಯೂ ಹೌದಂತೆ. ನಾನು ಚೈನಿಗೆ ತೋರಿಸಿದ್ದು ಅತಿಸ್ನೇಹ.

ಬೆಳಗ್ಗೆ ಆರಕ್ಕೆ ಹೊರಟೆ. ಏನು ಓಟ ಅದು! ಚೈನಿನ ಸದ್ದೇ ಇಲ್ಲ. ಹೊಲಗಳಿಂದ ತಂಪು ಗಾಳಿ, ಕಬ್ಬಿನ ಗರಿಗಳ ಸರಸರ. ನನ್ನ ಎಣ್ಣೆಯ ಜಾಣ್ಮೆಗೆ ನಾನೇ ಬೆರಗಾಗಿ ಒಂದಿಷ್ಟು ಹಾಡಿಯೂ ಹಾಡಿದೆ. ಘಟಪ್ರಭಾ ದಾಟಿದ ಮೇಲೆ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಬಂದವು, ಒಂದೊಂದೂ ಕೆಂಪು ಧೂಳಿನ ಮೋಡ ಎಬ್ಬಿಸಿ ಹೋಯಿತು. ನಾನು ಬಾಯಿ ಮುಚ್ಚಿಕೊಂಡೆ. ಆದರೆ ನನ್ನ ಚೈನು ಆ ಧೂಳನ್ನೆಲ್ಲ ಬಾಯ್ದೆರೆದು ನುಂಗುತ್ತಿತ್ತು. ಮೊದಲು ಕರಕರ ಎಂದಿತು. ಆಮೇಲೆ ಸುತ್ತಿಗೊಮ್ಮೆ ಟಕ್ ಎಂದು ಹಾರತೊಡಗಿತು. ಹಿಡಕಲ್ ಇನ್ನೂ ದೂರವಿರುವಾಗ ಒಂದು ಕೊಂಡಿ ಬಿಗಿದು ಬಾಗಲೊಲ್ಲದೆ ಹಿಂದಿನ ಗೇರಿನಲ್ಲಿ ಸಿಕ್ಕಿಕೊಂಡಿತು. ಇಳಿದು ಮುಟ್ಟಿದರೆ ಕೈಗೆ ಬಂದದ್ದು ಕರಿ ಕೆಸರು. ಗಂಟೆ ಎಂಟೂವರೆ.

ಹಿಂದೆ ಬಂದ ಒಂದು ಟೆಂಪೋ ನಿಂತಿತು. ಚಾಲಕ ತಲೆ ಹೊರಹಾಕಿ, “ಎಲ್ಲಿಗ್ರಿ ಅಕ್ಕಾರ? ಹುಕ್ಕೇರಿಗಾ? ಹತ್ರಿ, ಸೈಕಲ್ ಹಿಂದ ಒಗದ ಬಿಡ್ತೀನಿ” ಎಂದ.

ಎಷ್ಟು ಚೆಂದದ ಮಾತು! ಒಂದು ಕಾಲನ್ನು ಎತ್ತಿಯೂ ಇಟ್ಟಿದ್ದೆ. ಆಗ ಆ ಆರು ಹೆಂಗಸರು ಕಣ್ಣಿಗೆ ಬಂದರು. ಟೆಂಪೋದಿಂದ ಇಳಿಯುವ ನಾನು, ಹಿಂದಿನಿಂದ ಕುರಿಯ ಹಾಗೆ ಇಳಿಸುವ ನನ್ನ ಸೈಕಲ್ಲು. ಅದಕ್ಕಿಂತ ಹೋಗದಿರುವುದೇ ವಾಸಿ. ಕಾಲು ಕೆಳಗಿಟ್ಟೆ.

“ಇಲ್ಲಪ್ಪಾ, ನಾ ತುಳಕೊಂಡಽ ಹೋಗಬೇಕು.”

ಅವನು ನನ್ನನ್ನೂ ಚೈನನ್ನೂ ನೋಡಿದ. ಸೀಟಿನ ಕೆಳಗಿನಿಂದ ಡೀಸೆಲ್ಲಿನ ಬಾಟಲಿ ತೆಗೆದು ಕೊಟ್ಟ. “ಇದರಿಂದ ತೊಳೀರಿ. ಅಲ್ಲಿ ಬೇವಿನಗಿಡದ ಮನಿ ಐತೆಲ್ಲ, ಗಂಗವ್ವ ಅಂತ, ಹೊಲಿಗಿ ಮಾಡ್ತಾಳ. ಅರಿವಿ ಚೂರು ಕೇಳ್ರಿ” ಎಂದು ಹೋಗಿಬಿಟ್ಟ.

ಗಂಗವ್ವನಿಗೆ ನನ್ನಷ್ಟೇ ವಯಸ್ಸು. ಕಟ್ಟೆಯ ಮೇಲೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಒಂದು ಚೀಲ ಬಟ್ಟೆ ಚೂರು ತಂದು ನನ್ನ ಮುಂದೆ ಸುರಿದು, ತಾನೂ ಕೂತಳು. ಇಬ್ಬರೂ ಡೀಸೆಲ್ ಅದ್ದಿ ಒಂದೊಂದೇ ಕೊಂಡಿ ಉಜ್ಜಿದೆವು. ಬಿಗಿದ ಕೊಂಡಿಯನ್ನು ಅವಳು ಹೆಬ್ಬೆರಳಿನಿಂದ ಆಚೀಚೆ ಮಣಿಸಿ ಸಡಿಲಿಸಿದಳು.

“ಎಣ್ಣಿ ಯಾವದ ಹಾಕಿದ್ರಿ?”

ಹೇಳಿದೆ. ಗಂಗವ್ವ ನಕ್ಕ ನಗೆಗೆ ಬೇವಿನಗಿಡದ ಗುಬ್ಬಿಗಳು ಹಾರಿಹೋದವು.

“ಅಯ್ಯ, ಮ್ಯಾಲ ಮೆತ್ತಿದ್ರ ಏನ್ ಬಂತ್ರಿ? ಒಳಗ ಹೋಗಬೇಕ ಅದು. ನಾನೂ ಮೊದಲು ಮಷೀನಿಗಿ ಹಂಗಽ ಸುರೀತಿದ್ದೆ. ಗಿರಾಕಿ ಜಂಪರಿಗೆಲ್ಲ ಎಣ್ಣಿ ಡಾಗ ಬಿದ್ದು ಬೈಸ್ಕೊಂಡ ಮ್ಯಾಲ ಕಲತೆ.” ಯಂತ್ರದ ಎಣ್ಣೆಯ ಉದ್ದ ಮೂತಿಯ ಡಬ್ಬಿ ತಂದು ಕೊಂಡಿಗೊಂದೇ ಹನಿ ಬಿಟ್ಟಳು. ನನಗೆ ಪೆಡಲ್ ತಿರುಗಿಸಲು ಹೇಳಿದಳು. ಆಮೇಲೆ ಒಣ ಬಟ್ಟೆ ಹಿಡಿದು ಹಾಕಿದ್ದನ್ನೆಲ್ಲ ಒರೆಸತೊಡಗಿದಳು.

“ಅಯ್ಯೋ, ಒರಸ್ತೀರಲ್ಲ!”

“ಹೊರಗಿಂದ ಒರಸ್ತೀನಿ. ಒಳಗಿಂದ ಒಳಗಽ ಇರತೈತಿ. ಹೊರಗ ಜಿಗಿ ಇರಲಿಲ್ಲಂದ್ರ ಧೂಳಿಗಿ ಹಿಡಕೊಳ್ಳಾಕ ಏನೂ ಸಿಗಂಗಿಲ್ಲ.”

ಮೂವತ್ತು ವರ್ಷ ಗಣಿತ ಕಲಿಸಿದವಳಿಗೆ ಇಷ್ಟು ಅಚ್ಚುಕಟ್ಟಾಗಿ ಯಾರೂ ಪಾಠ ಹೇಳಿರಲಿಲ್ಲ. ಕೂಗಬೇಕೆನ್ನಿಸಿತು. ಕೂಗಿದೆ ಕೂಡ. ಗಂಗವ್ವ ಹೆದರಿ ನೀರು ತಂದಳು.

ಆಮೇಲಿನ ದಾರಿಯನ್ನು ನಾನು ತುಳಿಯಲಿಲ್ಲ, ಹಾರಿದೆ. ಹಿಡಕಲ್ ಅಣೆಕಟ್ಟಿನ ನೀರು ಒಂದು ಕಡೆ ಮಿಂಚಿ ಹೋಯಿತು. ಹೊಲಿಗೆ ಎಣ್ಣೆ ತೆಳು. ಅದು ದೂರದ ದಾರಿಗಲ್ಲ. ಹುಕ್ಕೇರಿ ಸಮೀಪಿಸುವಾಗ ಚೈನು ಚಿಂವ್ ಚಿಂವ್ ಎನ್ನತೊಡಗಿತ್ತು. ಈಗ ನಾನು ಬೇಸಿಗೆಯ ಧೂಳಿಗೆ ಮೇಣದಂತೆ ಒಣಗುವ ಎಣ್ಣೆ, ಮಳೆಗಾಲಕ್ಕೆ ತೊಳೆದುಹೋಗದ ದಪ್ಪ ಎಣ್ಣೆ ಇಟ್ಟುಕೊಂಡಿದ್ದೇನೆ. ಎರಡಕ್ಕೂ ಗಂಗವ್ವನ ಒರೆಸುವ ಶಾಸ್ತ್ರ ತಪ್ಪಿಸುವುದಿಲ್ಲ. ಆದರೆ ಆ ದಿನ ಆ ಚಿಂವ್ ಚಿಂವ್ ನನ್ನ ಕಿವಿಗೆ ಶಹನಾಯಿ.

ಹತ್ತೂವರೆ ದಾಟಿ ಇಪ್ಪತ್ತು ನಿಮಿಷವಾಗಿತ್ತು. ಮೈದಾನದ ಬಾಗಿಲಲ್ಲಿ ಶಾಂತಾ ಕತ್ತರಿ ಹಿಡಿದು ನಿಂತಿದ್ದಳು, ಅವಳ ಹಿಂದೆ ಆರು ಹೆಂಗಸರು. ನನ್ನ ಕೈ ಮೊಣಕೈವರೆಗೆ ಕಪ್ಪು, ಕೆನ್ನೆಯ ಮೇಲೆ ಐದು ಬೆರಳಿನ ಗುರುತು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಶಾಂತಾಳ ಕಣ್ಣು ತುಂಬಿತ್ತು. “ಹೊಲಸ ಮಾರ್ಯಾಕಿ” ಎಂದು ಬೈದು ಅಪ್ಪಿಕೊಂಡಳು.

ರಿಬ್ಬನ್ ಕತ್ತರಿಸಿದ ಮೇಲೆ ಸ್ಕೂಟಿ ಏರಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಅವರಲ್ಲೊಬ್ಬಳು ತನ್ನ ಅತ್ತೆಯನ್ನು ಕರೆತಂದಿದ್ದಳು. ನಿಜ ಹೇಳಬೇಕೆಂದರೆ ಸೊಸೆ ಏನು ಕಲಿಯುತ್ತಾಳೆಂದು ನೋಡಲು ಅತ್ತೆಯೇ ಬಂದಿದ್ದರು. ಹೊಸ ಇಳಕಲ್ ಸೀರೆ, ಬಿಗಿದ ಮುಖ. ಆ ಅತ್ತೆ ಸ್ಕೂಟಿಯನ್ನು ಬಿಟ್ಟು ನೇರ ನನ್ನ ಸೈಕಲ್ಲಿನ ಹತ್ತಿರ ಬಂದರು.

“ಮೊದಲ ಇದನ್ನ ಕಲಸ್ರಿ ನಂಗ” ಎಂದರು. ಸೊಸೆ ಬಾಯಿ ತೆರೆದು ನಿಂತಳು.

ನಾನೊಂದು ಕಡೆ, ಶಾಂತಾ ಒಂದು ಕಡೆ ಹಿಡಿದೆವು. ಸೊಸೆ ಹಿಂದೆ ಓಡಿ ಬಂದಳು. ಸೈಕಲ್ಲು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಹತ್ತು ಮಾರು ಹೋಯಿತು. ಇಳಿದಾಗ ಅವರ ಸೀರೆಯ ಅಂಚಿನ ಮೇಲೆ ಚೈನಿನ ಕೊಂಡಿಗಳ ಕಪ್ಪು ಗುರುತು ಸಾಲಾಗಿ ಮೂಡಿತ್ತು. ನಾವಿಬ್ಬರೂ ಗಾಬರಿಯಾಗಿ ಸೋಪು, ನೀರು ಎಂದು ಓಡಾಡತೊಡಗಿದೆವು.

ಅವರು ಅಂಚನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. ಬಿಗಿದ ಮುಖ ಮೆಲ್ಲಗೆ ಸಡಿಲವಾಯಿತು.

“ತೊಳೀಬ್ಯಾಡ್ರಿ, ಇರ್ಲಿ. ಮನ್ಯಾಗ ಬರೇ ಬಾಯಿಲೆ ಹೇಳಿದ್ರ ಯಾರ್ ನಂಬ್ತಾರ?”